ಗೆನೊವೆಫಾಳ ಮೂಗು ಮತ್ತು ಸಾಸಿವೆ ಮೇಣ

ಗೆನೊವೆಫಾ ಪಿಟ್ಲಾಕಳ ಮೂಗಿನ ಬಗ್ಗೆ ಝಾಬಿನೆಟ್ಸ್ ಊರಿನವರು ಹೇಳುವ ಕತೆಗಳಲ್ಲಿ ಅರ್ಧ ಸುಳ್ಳು. ಉಳಿದ ಅರ್ಧ ಹೀಗಿದೆ.

ಆಕೆ ಮೂವತ್ತು ವರ್ಷ ಸಾಸೇಜ್ ಕಾರ್ಖಾನೆಯಲ್ಲಿ ಹೊಗೆಗೂಡಿನ ಬಾಗಿಲ ಮುಂದೆ ನಿಂತವಳು. ಒಳಗೆ ಹಂದಿ ತೊಡೆಗಳು ಜೂನಿಪರ್ ಕಟ್ಟಿಗೆಯ ಹೊಗೆಯಲ್ಲಿ ನೇತಾಡುತ್ತಿದ್ದರೆ, ಆಕೆ ಹೊರಗಿನಿಂದಲೇ ಒಂದು ಸಲ ಮೂಗರಳಿಸಿ, "ಇನ್ನು ಏಳು ನಿಮಿಷ" ಅನ್ನುತ್ತಿದ್ದಳು. ಏಳು ಅಂದರೆ ಏಳೇ. ಆರೂವರೆ ನಿಮಿಷಕ್ಕೆ ತೆಗೆದ ದಿನ ಮಾಲೀಕನ ನಾಯಿಯೂ ಅದನ್ನು ಮುಟ್ಟಲಿಲ್ಲ. ಆಮೇಲೆ ಮಾಲೀಕ ಕಾರ್ಖಾನೆಯ ಗೋಡೆ ಗಡಿಯಾರ ಕಳಚಿ ಮಗಳ ಮದುವೆಗೆ ಉಡುಗೊರೆ ಕೊಟ್ಟುಬಿಟ್ಟ. ಇನ್ನೊಮ್ಮೆ, ಮೂರು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ ಗ್ಯಾಸ್ ಸೋರುತ್ತಿದೆ ಎಂದು ಆಕೆ ಫೋನು ಮಾಡಿದಳು. ಅವರು ಹುಡುಕಿ ಹುಡುಕಿ ಸುಸ್ತಾದರು. ಯಾಕೆಂದರೆ ಆ ಹಳ್ಳಿಗೆ ಗ್ಯಾಸ್ ಪೈಪು ಬಂದದ್ದೇ ಮರುವರ್ಷ. ಬಂದ ಮೊದಲ ವಾರವೇ ಸೋರಿತು, ಆಕೆ ಹೇಳಿದ ಜಾಗದಲ್ಲೇ.

ಊರ ಗಂಡಸರು ಕುಡಿದ ದಿನ ಆಕೆಯ ಮನೆ ಮುಂದೆ ಹಾಯುತ್ತಿರಲಿಲ್ಲ. ಕೆರೆ ಸುತ್ತಿ ಮನೆ ಸೇರುತ್ತಿದ್ದರು. ಆಕೆಯ ಗಂಡ ವಾತ್ಸ್ವಾವನಿಗೆ ಮಾತ್ರ ಸುತ್ತಿ ಹೋಗಲು ಬೇರೆ ಮನೆಯಿರಲಿಲ್ಲ. ಕುಡಿಯುವುದನ್ನೇ ಬಿಟ್ಟ. ಬಿಟ್ಟದ್ದರಿಂದಲೇ ಸತ್ತ ಎಂದು ಅವನ ಸ್ನೇಹಿತರು ಇವತ್ತಿಗೂ ನಂಬಿದ್ದಾರೆ.

ಇಂಥ ಮೂಗಿದ್ದವಳಿಗೆ ಮಿಕ್ಕವರ ಮೂಗಿನ ಬಗ್ಗೆ ಯಾವ ಗೌರವ ಇದ್ದೀತು? ಕನ್ನಡಕ ಜಾರದಿರಲಿ ಎಂದು ದೇವರು ಹೊಡೆದ ಗೂಟ, ಅಷ್ಟೇ ಎಂಬುದು ಆಕೆಯ ಅಭಿಪ್ರಾಯ. ಮನುಷ್ಯರ ಬಗ್ಗೆಯೂ ಹೆಚ್ಚುಕಡಿಮೆ ಅದೇ.

ಆ ಶರತ್ಕಾಲ ಪಂಚಾಯ್ತಿ ಅಧ್ಯಕ್ಷ ಚಿಝ್‌ಗೆ ಒಂದು ಯೋಚನೆ ಹೊಳೆಯಿತು. ಯೋಚನೆ ಅವನಿಗೆ ವರ್ಷಕ್ಕೊಂದು ಹೊಳೆಯುತ್ತದೆ, ಹಲ್ಲುನೋವಿನ ಹಾಗೆ. ಪಕ್ಕದ ಪಂಚಾಯ್ತಿಗೆ ಅದರದೇ ಹೊಗೆ ಹಿಡಿಸಿದ ಗಿಣ್ಣು ಇದೆ, ಅದರಾಚೆಯದಕ್ಕೆ ಉಪ್ಪಿನ ಸೌತೆ ಇದೆ, ವಾರ್ಸಾ ರೈಲು ಕೂಡ ನಿಲ್ಲದ ಝಾಬಿನೆಟ್ಸ್‌ಗೆ ಏನಿದೆ? ಕಣ್ಣು ಹಾಯಿಸಿದಷ್ಟೂ ಹಳದಿ ಸಾಸಿವೆ ಹೊಲ. ಈ ಸಾಸಿವೆಯ ಎಣ್ಣೆಯಿಂದ ಬೆಣ್ಣೆಯಷ್ಟು ಬಿಳಿಯ ಮೇಣ ಬರುತ್ತದೆ. ಅದನ್ನು ಕರಗಿಸಿ, ಪರಿಮಳ ಬೆರೆಸಿ, ಅಚ್ಚಿಗೆ ಹೊಯ್ದರೆ ಬಿಲ್ಲೆ. ಬತ್ತಿ ಗಿತ್ತಿ ಇಲ್ಲ. ಕೆಳಗೆ ಪುಟ್ಟ ದೀಪ, ಮೇಲೊಂದು ಬಟ್ಟಲು, ಬಟ್ಟಲಲ್ಲಿ ಬಿಲ್ಲೆ. ಅದು ಕರಗುತ್ತ ಮನೆಯೆಲ್ಲ ಘಮ್ಮೆನ್ನಬೇಕು. ಊರಿನ ಅರ್ಧ ಅಡುಗೆಮನೆಗಳಲ್ಲಿ ಹೆಂಗಸರು ಆಗಲೇ ಇದನ್ನು ಮಾಡುತ್ತಿದ್ದರು. ಅದರಲ್ಲಿ ಒಂದನ್ನು ಆರಿಸಿ, ಚಂದದ ಪೆಟ್ಟಿಗೆಗೆ ಹಾಕಿ, ಊರಿಗೆ ಬಂದ ಗಣ್ಯರಿಗೆಲ್ಲ ಕೊಡುವುದು. ಪೆಟ್ಟಿಗೆಯ ಮೇಲೆ ಮಾಡಿದವರ ಹೆಸರು.

ಹೆಸರು ಎಂದ ಕೂಡಲೇ ಗೆನೊವೆಫಾಳ ಕಿವಿ ನೆಟ್ಟಗಾಯಿತು. ಮೂವತ್ತು ವರ್ಷ ಆಕೆ ಮೂಸಿ ಪಾಸು ಮಾಡಿದ ಸಾಸೇಜು ಸಮುದ್ರದವರೆಗೆ ಹೋಯಿತು, ಆದರೆ ಮಾಲೀಕನ ಹೆಸರು ಹೊತ್ತು ಹೋಯಿತು. ಆಕೆಯ ಹೆಸರು ಅಕ್ಷರದಲ್ಲಿ ಇದ್ದದ್ದು ಒಂದೇ ಕಡೆ: ಗಂಡನ ಸಮಾಧಿ ಕಲ್ಲಿನ ಮೇಲೆ. ಅವನದರ ಕೆಳಗೆ ಆಕೆಯ ಹೆಸರನ್ನೂ ಆಗಲೇ ಕೆತ್ತಿಸಿ, ಹುಟ್ಟಿದ ವರ್ಷ ಹಾಕಿ, ಪಕ್ಕದಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದರು. ಪ್ರತಿ ಭಾನುವಾರ ಆ ಕಲ್ಲು ಒರೆಸುವಾಗ ಖಾಲಿ ಜಾಗ ಆಕೆಯ ಕಡೆ ನೋಡುತ್ತಿತ್ತು. ಬದುಕಿರುವಾಗಲೇ ಬೇರೆ ಎಲ್ಲಾದರೂ ಒಂದು ಕಡೆ ಹೆಸರು ಬಿದ್ದರೆ ತಪ್ಪೇನು?

ಆದರೆ ತಪ್ಪು ಪಕ್ಕದ ಮನೆಯಲ್ಲೇ ಇತ್ತು. ಅದರ ಹೆಸರು ಕೊರ್ನೆಲ್ಯಾ. ಗೆನೊವೆಫಾಳ ತಮ್ಮ ಜೆನೊನ್‌ನ ಹೆಂಡತಿ, ವಾರ್ಸಾದವಳು, ಮದುವೆಯಾಗಿ ಬಂದು ಮೂರು ವರ್ಷವಾದರೂ ಬೂಟಿಗೆ ಕೆಸರು ತಾಗಿದರೆ ಕೆಳಗೆ ನೋಡುವವಳು. ಅವಳೂ ಮೇಣ ಮಾಡುತ್ತಿದ್ದಳು. ಒಂಟಿಕೊಂಬಿನ ಕುದುರೆ, ಹೃದಯ, ಸಕ್ಕರೆ ಉಂಗುರದ ಆಕಾರ. ಮೇಲೆ ಹೊಳೆಯುವ ಪುಡಿ. ಅವಕ್ಕೆ ಇಟ್ಟ ಹೆಸರುಗಳನ್ನು ಗೆನೊವೆಫಾ ಬಾಯಿಂದ ಹೇಳುತ್ತಿರಲಿಲ್ಲ, ಬಾಯಿ ತೊಳೆಯಬೇಕಾಗುತ್ತದೆ ಎಂದು.

ನವೆಂಬರಿನ ಒಂದು ಮಧ್ಯಾಹ್ನ ಉಪ್ಪು ಕೇಳುವ ನೆಪದಲ್ಲಿ ಗೆನೊವೆಫಾ ಆ ಅಡುಗೆಮನೆಗೆ ಹೋದಳು. ಮೇಜಿನ ಮೇಲೆ ತಕ್ಕಡಿ, ನೋಟ್‌ಬುಕ್ಕು, ಮೇಣದ ಪಾತ್ರೆಯೊಳಗೆ ಒಂದು ಗಾಜಿನ ಕಡ್ಡಿ.

"ಇದೇನೇ, ಜ್ವರ ನೋಡೋ ಕಡ್ಡಿ? ಮೇಣಕ್ಕೆ ನೆಗಡಿನಾ?"

"ಎಪ್ಪತ್ತು ಡಿಗ್ರಿಗೆ ಇಳೀಬೇಕು ಗೆನ್ಯಕ್ಕ. ಅದಕ್ಕಿಂತ ಬಿಸಿ ಇದ್ದಾಗ ಎಣ್ಣೆ ಹಾಕಿದ್ರೆ ಪರಿಮಳ ಎಲ್ಲ ಹಾರಿಹೋಗುತ್ತೆ."

"ಹಾರಿ ಎಲ್ಲಿಗೆ ಹೋಗುತ್ತೆ, ವಾರ್ಸಾಗಾ?"

ಕೊರ್ನೆಲ್ಯಾ ನಕ್ಕಳು. ಅವಳ ದೊಡ್ಡ ದೋಷ ಇದೇ, ಬೈದರೂ ನಗುತ್ತಾಳೆ. ಬೈದವರಿಗೆ ಏನು ಬೆಲೆ ಉಳಿಯಿತು?

"ನೂರು ಗ್ರಾಂ ಮೇಣಕ್ಕೆ ಎಂಟು ಗ್ರಾಂ ಎಣ್ಣೆ," ಎಂದಳು, ತಕ್ಕಡಿಗೆ ಕಣ್ಣಿಟ್ಟು. "ಜಾಸ್ತಿ ಹಾಕಿದ್ರೆ ಮೇಣ ಕುಡಿಯಲ್ಲ, ಬೆವರುತ್ತೆ."

"ಆಮೇಲೆ ಒಂದು ಬೀಸಣಿಗೆ ಕೊಡ್ತೀಯೇನೋ."

"ಆಮೇಲೆ ಎರಡು ವಾರ ಡಬ್ಬಿಲಿ ಮುಚ್ಚಿಡೋದು. ಆಗ ಒಳಗೆಲ್ಲ ಹಿಡಿಯುತ್ತೆ."

"ಎರಡು ವಾರ! ಹಂದಿ ತೊಡೆಗೆ ಕೊಡೋ ಮರ್ಯಾದೆನ ಮೇಣಕ್ಕೆ ಕೊಡ್ತೀಯಲ್ಲೇ, ನಾಚಿಕೆ ಆಗಲ್ವಾ?"

"ಇನ್ನೊಂದು ಮಾತು ಗೆನ್ಯಕ್ಕ, ಬೇಜಾರಾಗ್ಬೇಡಿ. ದಿನಾ ಇದರ ಮಧ್ಯೆನೇ ಇರೋರು ತಮ್ಮ ಮೂಗನ್ನ ನಂಬೋಹಂಗಿಲ್ಲ. ಅಭ್ಯಾಸ ಆಗಿ ಮೂಗು ಮಲಗಿಬಿಡುತ್ತೆ. ನಾನಂತೂ ಮೂಸೋ ಮುಂಚೆ ಕೆರೆ ತನಕ ನಡ್ಕೊಂಡು ಹೋಗಿ ಬರ್ತೀನಿ."

"ಯಾರ ಮೂಗು ಮಲಗುತ್ತೆ?"

"ಯಾರದ್ದಾದ್ರೂ."

ಗೆನೊವೆಫಾ ಉಪ್ಪು ಕೂಡ ತೆಗೆದುಕೊಳ್ಳದೆ ಎದ್ದಳು. "ಬಸ್ಸಿನ ಹೊಗೆ ಕುಡಿದು ಬೆಳೆದ ಮೂಗು ಮಲಗುತ್ತೆ ಕಣಮ್ಮ. ಪಾಪ, ಅದಕ್ಕೆ ಎದ್ದು ಮಾಡೋ ಕೆಲಸ ಆದ್ರೂ ಏನಿದೆ?" ಎಂದು ಬಾಗಿಲು ಎಳೆದುಕೊಂಡು ಹೋದಳು.

ಆಕೆಯ ಕೆಲಸದ ರೀತಿ ಬೇರೆ. ಸಾಸೇಜು ಬೇಯಿಸುತ್ತಿದ್ದ ದೊಡ್ಡ ಪಾತ್ರೆ, ಮರದ ಸೌಟು, ಮುಗಿಯಿತು. ಮೇಣ ಸಾಕಷ್ಟು ತಣ್ಣಗಾಯಿತೇ ಎಂದು ತಿಳಿಯಲು ಬೆರಳು ಇದೆ. ಎಷ್ಟು ಎಣ್ಣೆ ಎಂದು ತಿಳಿಯಲು ಮೂಗು ಇದೆ. ಜೂನಿಪರ್ ಕಾಯಿಯ ಎಣ್ಣೆ, ಪೈನ್ ಎಣ್ಣೆ, ಒಂದಿಷ್ಟು ಮಾಚಿಪತ್ರೆ, ಹೊಗೆ ಹಿಡಿಸಿದ ಪ್ಲಮ್ಮಿನ ಒಂದು ಸುಳಿವು. ಎಲ್ಲ ಗಿಡಮರದ್ದೇ, ಹೊಳೆಯುವ ಪುಡಿ ಒಂದು ಚಿಟಿಕೆಯೂ ಇಲ್ಲ. ಮೊದಲ ವಾರದ ಬಿಲ್ಲೆಗಳು ನಿಜಕ್ಕೂ ಭೇಷಾಗಿದ್ದವು. ಕಣ್ಣು ಮುಚ್ಚಿ ಮೂಸಿದರೆ ಕಾಡಿನೊಳಗೆ ಯಾರೋ ಒಳ್ಳೆಯ ಮನುಷ್ಯ ಒಲೆ ಹೊತ್ತಿಸಿದ ಹಾಗೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ನಿಲ್ಲಿಸಲಿಲ್ಲ. ಚಳಿ ಬಂತೆಂದು ಎಲ್ಲರಂತೆ ಆಕೆಯೂ ಜೋಡಿ ಕಿಟಕಿಗಳ ಸಂದಿಗೆ ಹತ್ತಿ ತುಂಬಿ ಮುಚ್ಚಿದ್ದಳು, ಇನ್ನು ಈಸ್ಟರಿಗೆ ತೆಗೆಯುವುದು. ಆ ಮುಚ್ಚಿದ ಅಡುಗೆಮನೆಯಲ್ಲಿ ಬೆಳಗಿಂದ ಸಂಜೆವರೆಗೆ ಮೇಣ ಕುದಿಯಿತು. ಮೂರನೆಯ ವಾರಕ್ಕೆ ಆಕೆಗೆ ಅನುಮಾನ ಬಂತು. ಪರಿಮಳ ತೆಳ್ಳಗಾಗಿದೆ. ತಪ್ಪು ಯಾರದಿರಬೇಕು? ಎಣ್ಣೆ ಮಾರುವವನದೇ. ಪಟ್ಟಣದ ಗಿಡಮೂಲಿಕೆ ಅಂಗಡಿಯವನಿಗೆ ಫೋನು ಮಾಡಿ, "ಸೀಸೆಗೆ ನೀರು ತುಂಬಿಸಿ ಕೊಡೋಕೆ ನೀನು ಯಾಕಪ್ಪ ಬೇಕು, ನಮ್ಮೂರಲ್ಲಿ ಬಾವಿ ಇಲ್ವಾ?" ಎಂದು ಕೇಳಿ, ಇನ್ನೂ ಹನ್ನೆರಡು ಸೀಸೆ ತರಿಸಿದಳು. ಚಮಚದಲ್ಲಿ ಹಾಕುತ್ತಿದ್ದದ್ದು ಬಟ್ಟಲಿಗೆ ಬಂತು, ಬಟ್ಟಲಿಂದ ಸೌಟಿಗೆ. ಬಿಲ್ಲೆಗಳು ಓಟಗಾರರಂತೆ ಬೆವರಿದವು. ಬೆವರಲಿ, ದುಡಿದರೆ ಯಾರು ಬೆವರುವುದಿಲ್ಲ?

ಕ್ರಿಸ್‌ಮಸ್‌ಗೆ ಮುಂಚೆ ಬೆಕ್ಕು ಮನೆ ಬಿಟ್ಟು ಜೆನೊನ್‌ನ ಮನೆ ಸೇರಿತು. ಕೃತಜ್ಞತೆ ಇಲ್ಲದ ಪ್ರಾಣಿ ಎಂದು ಗೆನೊವೆಫಾ ಅದರ ತಟ್ಟೆ ಬಿಸಾಡಿದಳು. ಬೆಕ್ಕು ಹೋದ ಮೇಲೆ ಹೆಚ್ಚಬೇಕಿದ್ದ ಇಲಿಗಳೂ ಹೋದವು. ನೆಲಮಾಳಿಗೆಯಿಂದ ಹೊರಟು, ಮರಿಗಳನ್ನು ಮುಂದೆ ಬಿಟ್ಟುಕೊಂಡು, ಹಿಮದ ಮೇಲೆ ಒಂದೇ ಸಾಲಿನಲ್ಲಿ ಬೆಕ್ಕು ಹೋದ ಮನೆಯ ಕಡೆಗೇ ನಡೆದವು. ಬೆಕ್ಕಿರುವ ಮನೆ ವಾಸಿ ಎಂದು ಇಲಿಗಳು ತೀರ್ಮಾನಿಸಿದ್ದನ್ನು ಆ ಜಿಲ್ಲೆಯಲ್ಲಿ ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲ. ಟಪಾಲಿನ ಫೆಲಿತ್ಸ್ಯಾ ಕಾಗದಗಳನ್ನು ಗೇಟಿನಿಂದಲೇ ಎಸೆಯತೊಡಗಿದಳು. ಸೋಮಾರಿ. ಗೋಡೆಗೆ ಅಂಟಿಸಿದ ಅಲಂಕಾರದ ಕಾಗದದಲ್ಲಿ ಅಚ್ಚಾಗಿದ್ದ ಗುಲಾಬಿಗಳು ಬಾಡಿದವು. ಹಳೆಯ ಕಾಗದ, ಇನ್ನೇನು.

ಜನವರಿ ಮೂರು ಸಂತ ಗೆನೊವೆಫಾಳ ದಿನ, ಅಂದರೆ ಆಕೆಯ ಹೆಸರಿನ ಹಬ್ಬ. ಅದಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ, ಬಂದವರನ್ನು ಬೇಡ ಅನ್ನುವ ಹಾಗೂ ಇಲ್ಲ. ಗೊತ್ತಿದ್ದವರೆಲ್ಲ ಬರುತ್ತಾರೆ, ಮೇಜು ತುಂಬಿರಬೇಕು. ಮತ್ತು ಝಾಬಿನೆಟ್ಸ್‌ನಲ್ಲಿ ಇನ್ನೊಂದು ಕಟ್ಟುಪಾಡು ಇದೆ: ಅವತ್ತು ಹೆಸರಿನವಳ ಬಗ್ಗೆಯಾಗಲಿ, ಅವಳ ಮನೆ ಊಟದ ಬಗ್ಗೆಯಾಗಲಿ ಒಂದು ಕೆಟ್ಟ ಮಾತು ಬಾಯಿಂದ ಬರಬಾರದು. ಬಂದರೆ ಆಡಿದವನ ವರ್ಷ ಕೆಡುತ್ತದೆ. ವರ್ಷ ಶುರುವಾಗಿ ಮೂರೇ ದಿನ. ಯಾರಿಗೆ ಬೇಕು?

"ಹೇಗೂ ನಿಮ್ಮ ಹೆಸರಿನ ದಿನ ಊರೆಲ್ಲ ಸೇರುತ್ತೆ," ಎಂದಿದ್ದ ಅಧ್ಯಕ್ಷ ಚಿಝ್. "ಅವತ್ತೇ ಎರಡೂ ಮೇಣ ಹಚ್ಚೋಣ, ಅಲ್ಲೇ ತೀರ್ಮಾನ ಮಾಡಿಬಿಡೋಣ." ಉಳಿದ ಹೆಂಗಸರು ಅಷ್ಟರಲ್ಲಿ ಹಿಂದೆ ಸರಿದಿದ್ದರು. ಕಣದಲ್ಲಿ ಇಬ್ಬರೇ.

ಅವತ್ತು ಹೊರಗೆ ಶೂನ್ಯಕ್ಕಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಒಳಗೆ ಬಿಳಿ ಬಟ್ಟೆ ಹಾಸಿದ ಮೇಜು, ಇಪ್ಪತ್ತು ತಟ್ಟೆ, ಹುಳಿ ಕೋಸು ಮತ್ತು ಮಾಂಸದ ದೊಡ್ಡ ಪಾತ್ರೆ, ಹೆರಿಂಗ್ ಮೀನು, ಗಿಣ್ಣಿನ ಕೇಕು. ಒಲೆಯೊಳಗೆ ಸೇಬು ತುಂಬಿದ ಬಾತುಕೋಳಿ. ಕೋಣೆಯ ನಾಲ್ಕು ಮೂಲೆಯಲ್ಲಿ ನಾಲ್ಕು ದೀಪ, ನಾಲ್ಕು ಬಟ್ಟಲು, ಅದರಲ್ಲಿ ಆಕೆಯ ಇತ್ತೀಚಿನ ಬಿಲ್ಲೆಗಳು.

ಎರಡು ಗಂಟೆಗೆ ಫೆಲಿತ್ಸ್ಯಾ ಗಂಡನೊಂದಿಗೆ ಬಂದಳು. ಬೂಟು ಬಿಚ್ಚಿ, ಕೊಟ್ಟ ಚಪ್ಪಲಿ ಮೆಟ್ಟಿ, ಕೋಣೆಗೆ ಕಾಲಿಟ್ಟು, ಹಾರೈಕೆಯ ಹಾಡು ಶುರು ಮಾಡಿ, ಎರಡನೆಯ ಸಾಲಿಗೆ ನಿಂತಳು. ಕಣ್ಣಿಂದ ದಳದಳ ನೀರು.

"ಅಳ್ತೀಯಾ ಯಾಕೆ?" ಎಂದಳು ಗೆನೊವೆಫಾ.

"ಖುಷಿಗೆ, ಗೆನ್ಯಾ. ಎಷ್ಟು... ಎಷ್ಟು ಬೆಚ್ಚಗಿದೆ ನಿನ್ನ ಮನೆ."

"ಕೂತ್ಕೊ, ತಿನ್ನು."

"ಬಂದೆ ಇರು, ಕಾರಿನ ದೀಪ ಆರಿಸೋದು ಮರೆತೆ."

ಅವರು ನಡೆದು ಬಂದಿದ್ದರು. ಅವರಿಗೆ ಕಾರೇ ಇರಲಿಲ್ಲ.

ಆಮೇಲೆ ಬಂದ ಅಗ್ನಿಶಾಮಕ ದಳದ ಮುಖಂಡ ಮಾರ್ತ್ಸೆಲಿ ಒಂದು ತುತ್ತು ಬಾಯಿಗಿಟ್ಟು, ಚಿಮಣಿ ಒಮ್ಮೆ ನೋಡಿ ಬರುತ್ತೇನೆ ಎಂದು ತಟ್ಟೆ ಸಮೇತ ಹೊರಟ. ಮತ್ತೊಬ್ಬಳು ಕಟ್ಟಿಗೆ ರಾಶಿ ಎಷ್ಟು ಚಂದ ಜೋಡಿಸಿದ್ದೀರಿ ಅಂತ ನೋಡಬೇಕು ಎಂದಳು. ಒಬ್ಬ ಏನೂ ಹೇಳದೆ ಹೋದ, ಪ್ರಾಮಾಣಿಕ. ಅರ್ಧ ಗಂಟೆಯಲ್ಲಿ ಇಪ್ಪತ್ತು ತಟ್ಟೆಯೂ ಅಂಗಳದಲ್ಲಿದ್ದವು. ಊರಿಗೆ ಊರೇ ಮನೆಯ ಚಪ್ಪಲಿಯಲ್ಲಿ ಹಿಮದ ಮೇಲೆ ನಿಂತು ಕೋಸು ತಿನ್ನುತ್ತಿತ್ತು. ಯಾರೋ ವೋಡ್ಕಾ ಬಾಟಲಿಯನ್ನು ಹಿಮದಲ್ಲಿ ನೆಟ್ಟಿದ್ದರು. ನಗು ಬೇರೆ.

ಗೆನೊವೆಫಾ ಬಾಗಿಲಿಗೆ ಬಂದು ಕೂಗಿದಳು. "ಒಳಗೆ ಬನ್ರೋ! ಊಟ ಹೆಪ್ಪುಗಟ್ಟುತ್ತೆ!"

"ಬಂದ್ವಿ ಗೆನ್ಯಾ, ಬಂದ್ವಿ!" ಎಂದ ಮಾರ್ತ್ಸೆಲಿ, ಮೀಸೆಯಲ್ಲಿ ಐಸು ಕಟ್ಟಿಕೊಂಡು. "ಎಂಥ ಒಳ್ಳೆ ಗಾಳಿ ಇಲ್ಲಿ!"

ಅಧ್ಯಕ್ಷ ಚಿಝ್ ಅಧಿಕಾರದಲ್ಲಿದ್ದವನು, ಅವನಿಗೆ ಹೊರಗೆ ನಿಲ್ಲುವ ಸ್ವಾತಂತ್ರ್ಯವಿರಲಿಲ್ಲ. ಉಸಿರು ಕಟ್ಟಿಕೊಂಡು ಒಳಗೆ ಬಂದ, ನಾಲ್ಕೂ ಬಟ್ಟಲುಗಳ ಮುಂದೆ ತಲೆಯಾಡಿಸಿದ, ಮುಖ ಪ್ಲಮ್ಮಿನ ಬಣ್ಣಕ್ಕೆ ತಿರುಗಿತು.

"ಹೇಗಿದೆ ಅಧ್ಯಕ್ಷರೇ?"

ಅವನು ಬಾಯಿ ತೆರೆಯದೆ "ಹೂಂ" ಎಂದ, ಫೋನು ಬಂತೆಂದು ಜೇಬು ತೋರಿಸಿದ, ಓಡಿದ. ಜೇಬಿನಲ್ಲಿ ಫೋನಲ್ಲ, ಕನ್ನಡಕದ ಡಬ್ಬಿ ಇತ್ತು.

ಗೆನೊವೆಫಾಗೆ ಈಗ ಎಲ್ಲ ಅರ್ಥವಾಯಿತು. ಇದು ಒಳಸಂಚು. ಆ ಹೊಳೆಯುವ ಪುಡಿಯವಳು ಊರನ್ನೇ ಕೊಂಡುಕೊಂಡಿದ್ದಾಳೆ. ಮೂವತ್ತು ವರ್ಷ ಈ ಜನರ ಹಂದಿ ತೊಡೆ ಕಾಪಾಡಿದ್ದಕ್ಕೆ ಇದು ಬಹುಮಾನ! ಖಾಲಿ ಮೇಜಿನ ತುದಿಯಲ್ಲಿ, ಒಲೆಗೆ ಬೆನ್ನು ಹಾಕಿ, ರೇಷ್ಮೆ ಕುಪ್ಪಸದ ಮೇಲೆ ಅಡುಗೆಮನೆಯ ಉಣ್ಣೆ ಸ್ವೆಟರು ಹೊದ್ದು ಕೂತಳು. ಹೊರಗಿನವರ ಒಂದೊಂದೇ ತಲೆಯನ್ನು ಕಿಟಕಿಯಿಂದ ನೋಡಿ, ಒಂದೊಂದಕ್ಕೂ ಬೇರೆಬೇರೆಯಾಗಿ ತಿರಸ್ಕಾರ ಹಂಚಿದಳು.

ಆಗ ಕೊರ್ನೆಲ್ಯಾ ಒಳಗೆ ಬಂದಳು. ಜೆನೊನ್ ಬಾಗಿಲವರೆಗೆ ಬಂದು ಹಿಂದೆ ಸರಿದ. ಅವಳು ಬಂದು ಎದುರು ಕುರ್ಚಿ ಎಳೆದು ಕೂತು, ಕೇಕು ತೆಗೆದುಕೊಂಡು, ತಿಂದಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಆದರೂ ಏಳಲಿಲ್ಲ.

"ಸೋತೆ ಅಂತ ಈಗಲೇ ಅಳ್ತೀಯೇನೇ?" ಎಂದಳು ಗೆನೊವೆಫಾ.

"ಕೇಕು ತುಂಬ ಚೆನ್ನಾಗಿದೆ ಗೆನ್ಯಕ್ಕ." ಕೆಮ್ಮಿದಳು. "ಒಲೇಲಿ ಏನಿದೆ?"

"ಬಾತುಕೋಳಿ. ಇನ್ನು ಏಳು ನಿಮಿಷ."

"ಹೇಗೆ ಗೊತ್ತು?"

"ಹೇಗೆ ಗೊತ್ತು ಅಂತೆ! ವಾಸನೆ ಬರ್ತಿದೆಯಲ್ಲೇ. ಸೇಬು ಮೆತ್ತಗಾಗಿದೆ, ಚರ್ಮ ಈಗ ತಾನೇ ಕೆಂಪಾಗ್ತಿದೆ. ನಿನ್ನ ಜ್ವರದ ಕಡ್ಡಿ ತಗೊಂಡು ಬಾ, ಅದಕ್ಕೂ ಇಷ್ಟು ಗೊತ್ತಾಗಲ್ಲ."

ಕೊರ್ನೆಲ್ಯಾ ಕೈಯಲ್ಲಿದ್ದ ಫೋರ್ಕನ್ನು ಎತ್ತಿ ಗೆನೊವೆಫಾಳ ಬೆನ್ನ ಹಿಂದೆ ತೋರಿಸಿದಳು.

ಗೆನೊವೆಫಾ ತಿರುಗಿದಳು. ಒಲೆಯ ಬಾಗಿಲ ಸಂದಿಯಿಂದ ಕಪ್ಪು ಹೊಗೆ ಹಗ್ಗದ ಹಾಗೆ ಮೇಲೇಳುತ್ತಿತ್ತು. ಚಾವಣಿಯ ಹತ್ತಿರ ಆಗಲೇ ಮೋಡ ಕಟ್ಟಿತ್ತು. ಬಾಗಿಲು ತೆಗೆದರೆ ಒಳಗೆ ಬಾತುಕೋಳಿ ಇರಲಿಲ್ಲ, ಬಾತುಕೋಳಿಯ ಆಕಾರದ ಇದ್ದಿಲು ಇತ್ತು. ಅದು ಏಳು ನಿಮಿಷದಲ್ಲಿ ಆದದ್ದಲ್ಲ. ಒಂದು ಗಂಟೆಯಿಂದ ಅದು ಆಕೆಯ ಬೆನ್ನ ಹಿಂದೆ ಸುಡುತ್ತಿತ್ತು.

ಆಕೆ ಬಗ್ಗಿ ಆ ಇದ್ದಿಲಿನ ಮೇಲೆ ಮುಖವಿಟ್ಟು ಉಸಿರೆಳೆದಳು. ಇನ್ನೊಮ್ಮೆ ಎಳೆದಳು. ಏನೂ ಬರಲಿಲ್ಲ. ಗೋಡೆಯನ್ನು ಮೂಸಿದ ಹಾಗೆ.

ಹೊಗೆ ಕಂಡು ಅಂಗಳದಿಂದ ಅಗ್ನಿಶಾಮಕ ದಳ ಓಡಿ ಬಂತು. ಆ ದಳ ಉರಿಯುವ ಕೊಟ್ಟಿಗೆಯೊಳಗೆ ನುಗ್ಗಿ ಹಂದಿಗಳನ್ನು ಹೊತ್ತು ತಂದದ್ದು, ಪದಕ ಪಡೆದದ್ದು. ಈಗ ಹೊಸ್ತಿಲವರೆಗೆ ಬಂದು, ಒಳಗಿನ ಗಾಳಿ ಮುಖಕ್ಕೆ ಬಡಿದ ಕೂಡಲೇ, ಒಬ್ಬರ ಮೇಲೊಬ್ಬರು ಬಿದ್ದು ನಿಂತುಬಿಟ್ಟಿತು. ಬೆಂಕಿಯಾದರೆ ನೋಡಬಹುದಿತ್ತು.

ಕೊರ್ನೆಲ್ಯಾ ಬಟ್ಟೆ ಹಿಡಿದು ಟ್ರೇ ಎತ್ತಿಕೊಂಡು, ಅವರ ನಡುವೆ ದಾರಿ ಮಾಡಿಕೊಂಡು ಹೋಗಿ, ಇದ್ದಿಲನ್ನು ಹಿಮಕ್ಕೆ ಎಸೆದಳು. ಚುರ್ರೆಂದಿತು.

"ನಂದೇ ತಪ್ಪು," ಎಂದಳು ಎಲ್ಲರಿಗೂ ಕೇಳುವ ಹಾಗೆ. "ಒಲೆ ಸಣ್ಣದು ಮಾಡೋಣ ಅಂತ ಹೋಗಿ ದೊಡ್ಡದು ಮಾಡಿಬಿಟ್ಟೆ."

"ವಾರ್ಸಾದಲ್ಲಿ ಒಲೆ ಗುಂಡಿ ಎಡಕ್ಕೆ ತಿರುಗುತ್ತೇನೋ!" ಎಂದು ಯಾರೋ ಅಂದರು. ಊರೆಲ್ಲ ಬಿದ್ದುಬಿದ್ದು ನಕ್ಕಿತು. ಹೆಸರಿನವಳ ಬಗ್ಗೆ ಆಡುವಂತಿಲ್ಲ, ಅವಳ ತಮ್ಮನ ಹೆಂಡತಿಯ ಬಗ್ಗೆ ಅಂಥ ಕಟ್ಟುಪಾಡಿಲ್ಲ.

ಗೆನೊವೆಫಾ ಚಪ್ಪಲಿಯಲ್ಲೇ ಹೊರಗೆ ಬಂದಳು. ಕೊರ್ನೆಲ್ಯಾ ಒಲೆ ಮುಟ್ಟಿಯೇ ಇರಲಿಲ್ಲ. ಮಾಡಿದ್ದು ಸಾಲದು ಅಂತ ದಯೆ ಬೇರೆ! ಸುಳ್ಳು ಹೇಳಲಿಕ್ಕೂ ಬರುವುದಿಲ್ಲ ಇವಳಿಗೆ, ಕತ್ತಿನವರೆಗೂ ಕೆಂಪಾಗಿದ್ದಾಳೆ. ಗೆನೊವೆಫಾ ಯಾರ ಜೊತೆಗೂ ಮಾತಾಡದೆ ಕಟ್ಟಿಗೆ ರಾಶಿಯ ಆಚೆ ಹೋಗಿ ನಿಂತಳು. ಹೆಸರು ಪೆಟ್ಟಿಗೆ ಮೇಲೆ ಬೀಳುತ್ತದೋ ಇಲ್ಲವೋ ಎಂಬುದು ಈಗ ಆಕೆಗೆ ನೆನಪೇ ಇರಲಿಲ್ಲ. ಮೂಗಿಲ್ಲದ ಗೆನೊವೆಫಾ ಎಂದರೆ ಯಾರು? ಎಣ್ಣೆ ಸೀಸೆಯಲ್ಲಿ ಬಾವಿ ನೀರಿದೆ ಎಂದು ಜಗಳವಾಡುವ ಒಬ್ಬ ಮುದುಕಿ. ಆ ಸಮಾಧಿ ಕಲ್ಲಿನ ಖಾಲಿ ಜಾಗ ಇವತ್ತೇ ತುಂಬಿಸಿಬಿಡಬಹುದು.

ಎಷ್ಟು ಹೊತ್ತು ನಿಂತಳೋ. ಕಿವಿ ಸೆಟೆಯಿತು, ಕಾಲು ಮರಗಟ್ಟಿತು. ಅಂಗಳದವರು ಮತ್ತೆ ವೋಡ್ಕಾ ಸುರಿದುಕೊಂಡರು, ಹೆಸರಿನವಳಿಗೆ ಏಕಾಂತ ಬೇಕೇನೋ ಎಂದುಕೊಂಡು ಬಿಟ್ಟರು. ಮೊದಲು ಬಂದದ್ದು ಹಿಮದ ವಾಸನೆ. ತೆಳುವಾದ, ಕಬ್ಬಿಣದಂಥದ್ದು. ಆಕೆ ಉಸಿರಾಡಲೇ ಹೆದರಿದಳು. ಆಮೇಲೆ ಬರ್ಚ್ ಕಟ್ಟಿಗೆಯ ಸಿಪ್ಪೆ. ಆಮೇಲೆ ರಾಶಿಯ ಆಚೆಯಿಂದ ಮಾರ್ತ್ಸೆಲಿಯ ವೋಡ್ಕಾ, ಅವನು ಮೂರು ಅನ್ನುತ್ತಿದ್ದ, ಐದು ಕುಡಿದಿದ್ದ. ಆಮೇಲೆ ಸುಟ್ಟ ಬಾತುಕೋಳಿ, ಎಲ್ಲದಕ್ಕಿಂತ ಸಿಹಿಯಾಗಿ.

ಅಷ್ಟರಲ್ಲಿ ಇನ್ನೊಂದು ಬಂತು. ಯಾರೋ ಜೂನಿಪರ್ ಕಾಡಿಗೆ ಬೆಂಕಿಯಿಟ್ಟು, ದನದ ಔಷಧಿ ಸುರಿದು ಆರಿಸಿದ ಹಾಗೆ. ಥೂ, ಯಾವನದು ಈ ಹೊಲಸು? ಸುತ್ತ ನೋಡಿದಳು. ಯಾರೂ ಇರಲಿಲ್ಲ. ಬಗ್ಗಿ ತನ್ನ ತೋಳು ಮೂಸಿದಳು.

ಸ್ವೆಟರನ್ನು ಬಿಚ್ಚಿ ಬೇಲಿಯ ಮೇಲೆ ನೇತುಹಾಕಿದಳು. ಬೇಲಿಯ ಆ ತುದಿಯಲ್ಲಿ ಕೂತಿದ್ದ ಕಾಗೆಗಳು ಎದ್ದು ಪಕ್ಕದ ಪಂಚಾಯ್ತಿಗೆ ಹಾರಿದವು, ಆ ಚಳಿಗಾಲ ವಾಪಸು ಬರಲಿಲ್ಲ. ಹದಿನಾಲ್ಕು ಡಿಗ್ರಿ ಚಳಿಯಲ್ಲಿ ರೇಷ್ಮೆ ಕುಪ್ಪಸದಲ್ಲಿ ಅಂಗಳಕ್ಕೆ ಬಂದವಳನ್ನು ನೋಡಿ ಜೆನೊನ್ ತನ್ನ ಕೋಟು ಬಿಚ್ಚಿ ಆಕೆಗೆ ಹೊದಿಸಿದ.

ಅಧ್ಯಕ್ಷ ಚಿಝ್ ಗಂಟಲು ಸರಿಮಾಡಿಕೊಂಡ. ಅವನಿಗೂ ಈ ವರ್ಷ ಕೆಡುವುದು ಬೇಡವಾಗಿತ್ತು, ಮುಂದಿನ ವರ್ಷ ಚುನಾವಣೆ. "ನೋಡಿ, ಇವತ್ತು ಹೆಸರಿನವಳ ಮಾತೇ ನಡೀಬೇಕು. ಗೆನ್ಯಾ, ನೀವೇ ಹೇಳಿಬಿಡಿ. ಯಾರ ಹೆಸರು ಹಾಕೋಣ? ನೀವು ಏನಂದ್ರೂ ನಮ್ಮೆಲ್ಲರ ಒಪ್ಪಿಗೆ ಇದೆ."

ಎಲ್ಲರೂ ತಲೆಯಾಡಿಸಿದರು. ಪೆಟ್ಟಿಗೆಗಳನ್ನು ಪಕ್ಕದ ಪಂಚಾಯ್ತಿಯವರಿಗೆ ಮಾತ್ರ ಕೊಡುವುದು ಎಂದು ಅಷ್ಟರಲ್ಲಿ ಮೆಲ್ಲಗೆ ತೀರ್ಮಾನವೂ ಆಗಿತ್ತು.

ಗೆಲುವು ಗೆನೊವೆಫಾಳ ನಾಲಿಗೆ ತುದಿಯಲ್ಲಿತ್ತು. ಗೆನೊವೆಫಾ ಪಿಟ್ಲಾಕ್ ಎಂದರೆ ಆಯಿತು, ಎರಡೇ ಮಾತು.

"ಅವಳದ್ದು ಇನ್ನೂ ಹಚ್ಚಿಲ್ಲ," ಎಂದಳು. "ಮೂಸದೆ ಹೇಳೋಕೆ ನಾನೇನು ಅಧ್ಯಕ್ಷನಾ?"

ಕಟ್ಟಿಗೆ ಕಡಿಯುವ ಕೊರಡಿನ ಮೇಲೆ ದೀಪ ಇಟ್ಟರು, ಮೇಲೆ ಬಟ್ಟಲು. ಕೊರ್ನೆಲ್ಯಾ ಜೇಬಿನಿಂದ ಒಂದು ಬಿಲ್ಲೆ ತೆಗೆದಳು. ಕುದುರೆಯಲ್ಲ, ಹೃದಯವಲ್ಲ, ಸೀದಾ ಚೌಕ. ಹೊಳೆಯುವ ಪುಡಿ ಒಂದು ಕಣವೂ ಇರಲಿಲ್ಲ. ಗಾಳಿಗೆ ದೀಪ ಆರದಂತೆ ಊರವರು ಸುತ್ತ ಗೋಡೆಯಾಗಿ ನಿಂತರು. ಮೇಣದ ಅಂಚು ಮೆಲ್ಲಗೆ ಕರಗಿತು.

ಗೆನೊವೆಫಾ ಬಗ್ಗಿದಳು. ಒಣಹುಲ್ಲು. ಜುಲೈನ ಹುಲ್ಲು, ಒಮ್ಮೆ ಮಳೆ ತಾಗಿ ಮತ್ತೆ ಒಣಗಿದ್ದು, ಅದರ ಅಡಿಯಲ್ಲಿ ಸೇವಂತಿಗೆಯಂಥ ಒಂದು ಕಹಿ, ಅದರಡಿಯಲ್ಲಿ ದಪ್ಪ ನಾರುಬಟ್ಟೆ. ಇದು ಅಮ್ಮನ ಹಾಸಿಗೆ. ಪ್ರತಿ ಬೇಸಿಗೆ ಹಳೆ ಹುಲ್ಲು ತೆಗೆದು ಹೊಸದು ತುಂಬುತ್ತಿದ್ದ ಹಾಸಿಗೆ. ಚಿಕ್ಕಂದಿನಲ್ಲಿ ತಾನೂ ಜೆನೊನೂ ಹೊಸ ಹುಲ್ಲು ತುಂಬಿದ ದಿನ ಅದರ ಮೇಲೆ ಮಲಗಲು ಜಗಳವಾಡುತ್ತಿದ್ದದ್ದು.

"ನೀನು ಹೇಳಿದ್ಯಾ?" ಎಂದು ತಮ್ಮನನ್ನು ಕೇಳಿದಳು.

"ಮೂರು ವರ್ಷದಿಂದ ಹೇಳ್ತಾನೇ ಇದೀನಿ," ಎಂದ ಜೆನೊನ್. "ಪ್ರತಿ ಸಲ ಮಾಡ್ತಾಳೆ, ಮೂಸು ಅಂತಾಳೆ, ಇದಲ್ಲ ಅಂತೀನಿ. ಮತ್ತೆ ಮಾಡ್ತಾಳೆ."

ಊರು ಕಾಯುತ್ತಿತ್ತು. ಗೆನೊವೆಫಾ ಮತ್ತೊಮ್ಮೆ ಬಗ್ಗಿದಳು, ತಪ್ಪು ಹುಡುಕಲು. ಇದ್ದೇ ಇರಬೇಕು. ಸಿಕ್ಕಿತು. ಮುಖ ನೆಟ್ಟಗಾಯಿತು.

"ಇಲಿ ಇಲ್ಲ."

"ಏನು ಗೆನ್ಯಾ?" ಎಂದ ಅಧ್ಯಕ್ಷ.

"ಅಮ್ಮನ ಹಾಸಿಗೇಲಿ ಇಲಿ ವಾಸನೆನೂ ಇತ್ತು. ಇವಳು ಇಲಿ ಬಿಟ್ಟಿದಾಳೆ. ವಾರ್ಸಾದವಳು, ಅಷ್ಟೇ ಬರೋದು ಇವಳಿಗೆ."

"ಹಾಗಾದ್ರೆ... ನಿಮ್ಮದೇ ಹೆಸರು ಅಂತ ಬರ್ಕೊಳ್ಳಲಾ?"

ಗೆನೊವೆಫಾ ಅಧ್ಯಕ್ಷನನ್ನು, ಅವನ ಹಿಂದಿದ್ದ ಊರನ್ನು, ನಿಧಾನವಾಗಿ ನೋಡಿದಳು. "ನನ್ನ ಮನೆ ಎರಡು ತಿಂಗಳಿಂದ ನಾರ್ತಾ ಇದೆ. ಒಬ್ಬರಾದ್ರೂ ಬಾಯಿ ಬಿಟ್ಟಿರಾ? ಮೂಗಿಲ್ಲದ ಊರು ಅಂತ ತಿಳ್ಕೊಂಡಿದ್ದೆ. ಬಾಯಿನೂ ಇಲ್ಲ." ಕೊರ್ನೆಲ್ಯಾಳ ಕಡೆ ಬೆರಳು ಮಾಡಿದಳು. "ಅವಳ ಹೆಸರು ಹಾಕಿ. ನನ್ನ ಮೂಗು ಮೂವತ್ತು ವರ್ಷದಲ್ಲಿ ಒಂದು ಸಾಸೇಜಿಗೂ ಸುಳ್ಳು ಹೇಳಿಲ್ಲ. ಒಂದು ಪೆಟ್ಟಿಗೆಗೋಸ್ಕರ ಈಗ ಶುರು ಮಾಡಲ್ಲ. ಆ ಹೊಳೆಯೋ ಪುಡಿ ಮಾತ್ರ ಹಾಕಿದ್ಲೋ, ಪೆಟ್ಟಿಗೆ ಸಮೇತ ಕೆರೆಗೆ."

ಆ ಜನವರಿಯಲ್ಲೇ ಕಿಟಕಿಯ ಹತ್ತಿ ಕಿತ್ತು ತೆಗೆದರು. ಹತ್ತಿಯನ್ನು ಎಲ್ಲಿ ಹೂಳಿದರೋ ಅಲ್ಲಿ ಇವತ್ತಿಗೂ ಮಣ್ಣು ಕೊರೆಯುವ ಮೋಲ್ ಪ್ರಾಣಿ ಕೂಡ ಗುಂಡಿ ತೋಡುವುದಿಲ್ಲ. ಮನೆಗೆ ಗಾಳಿಯಾಡುವವರೆಗೆ ಗೆನೊವೆಫಾ ಆರು ವಾರ ತಮ್ಮನ ಮನೆಯಲ್ಲಿದ್ದಳು, ದಿನಕ್ಕೆ ಮೂರು ಹೊತ್ತು ಅಲ್ಲಿನ ಅಡುಗೆಯನ್ನು ತಿರಸ್ಕರಿಸುತ್ತ, ಎರಡೆರಡು ಸಲ ಬಡಿಸಿಕೊಳ್ಳುತ್ತ. ಬೆಕ್ಕು, ಇಲಿ, ಆಕೆ, ಎಲ್ಲರೂ ಒಂದೇ ಸೂರಿನಡಿ.

ಏಪ್ರಿಲ್‌ನಲ್ಲಿ ಪೆಟ್ಟಿಗೆಗಳು ಅಚ್ಚಾಗಿ ಬಂದವು. ಕೊರ್ನೆಲ್ಯಾ ವ್ರೊನಾ, ಝಾಬಿನೆಟ್ಸ್. ಅವಳು ಒಂದನ್ನು ತಂದು ತೋರಿಸಿ, "ಕೆಳಗೆ ನಿಮ್ಮ ಹೆಸರೂ ಹಾಕಿಸೋಣ ಅಂತಿದೀನಿ ಗೆನ್ಯಕ್ಕ, ಮೂಸಿ ನೋಡಿದವರು ಅಂತ," ಎಂದಳು.

"ಇಷ್ಟು ಸಣ್ಣ ಅಕ್ಷರದಲ್ಲಾ? ಬೇಡ. ಒಂದು ಕಡೆ ಆಗಲೇ ಕೆತ್ತಿದಾರೆ, ಅಲ್ಲಿ ದೊಡ್ಡದಾಗಿದೆ." ಗೆನೊವೆಫಾ ಮೇಜಿನ ಮೇಲಿದ್ದ ಡಬ್ಬಿಯ ಮುಚ್ಚಳ ತೆಗೆದು, ಕೆರೆಯವರೆಗೆ ನಡೆದು ಬಂದಿದ್ದ ಮೂಗನ್ನು ಅದರೊಳಗಿಟ್ಟಳು. "ಇದನ್ನ ಮುಚ್ಚಿಟ್ಟು ಎಷ್ಟು ದಿನ ಆಯ್ತು?"

"ಹದಿನಾಲ್ಕು."

"ಹನ್ನೊಂದು."

ಕೊರ್ನೆಲ್ಯಾ ನೋಟ್‌ಬುಕ್ಕು ತೆಗೆದು, ಪುಟ ತಿರುಗಿಸಿ, ಬೆರಳು ಮಡಿಸಿ ಎಣಿಸಿದಳು. ಹನ್ನೊಂದು.

"ವಾಪಸ್ ಇಡು," ಎಂದಳು ಗೆನೊವೆಫಾ. "ತಕ್ಕಡಿ ಇದೆ, ಕಡ್ಡಿ ಇದೆ, ಪುಸ್ತಕ ಇದೆ. ಎಣಿಸೋಕೆ ಮಾತ್ರ ಬರಲ್ಲ."